800 ರೂಪಾಯಿಯೊಳಗೆ ಒಂದು ಒಳ್ಳೆಯ ತಂಪು ಕನ್ನಡಕ

ನಮ್ಮಪ್ಪನ ಎಡಗಣ್ಣಿನಲ್ಲಿ, ಮೂಗಿನ ಕಡೆಯ ಮೂಲೆಯಿಂದ ಕಪ್ಪುಗುಡ್ಡೆಯ ಅಂಚಿನವರೆಗೆ, ಎಳೆಗೆಂಪಿನ ತೆಳ್ಳನೆಯ ಪೊರೆಯೊಂದು ಬೆಳೆದಿದೆ. ಜನ ಇದನ್ನು ದುರ್ಮಾಂಸ ಎನ್ನುತ್ತಾರೆ. ನಲವತ್ತು ವರ್ಷ ತೊಗರಿ ಹೊಲದ ಬಿಸಿಲು, ಗಾಳಿ, ಧೂಳಿನಲ್ಲಿ ದುಡಿದವರಲ್ಲಿ ಇದು ಅಪರೂಪವೇನಲ್ಲ ಎಂದ ಕಣ್ಣಿನ ವೈದ್ಯರು, ಸದ್ಯಕ್ಕೆ ಶಸ್ತ್ರಚಿಕಿತ್ಸೆ ಬೇಡ, ಆದರೆ ಹೊರಗೆ ಹೋಗುವಾಗಲೆಲ್ಲ ಯುವಿ ರಕ್ಷಣೆಯುಳ್ಳ ತಂಪು ಕನ್ನಡಕ ಇರಲೇಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಕನ್ನಡಕ ನನಗೂ ಬೇಕಾಗಿತ್ತು. ಕಲಬುರಗಿಯಿಂದ ಸೇಡಂ ರಸ್ತೆಯಲ್ಲಿ 20 ಕಿ.ಮೀ. ದೂರದ ಶಾಲೆಗೆ ದಿನವೂ ಬೈಕಿನಲ್ಲಿ ಹೋಗುವ ನನಗೆ ಬೆಳಿಗ್ಗೆ ಹೊರಟಾಗ ಸೂರ್ಯ ಎದುರಿಗಿರುತ್ತಾನೆ, ಸಂಜೆ ಮರಳುವಾಗಲೂ ಎದುರಿಗೇ ಇರುತ್ತಾನೆ. ಇಬ್ಬರ ಕನ್ನಡಕಗಳೂ ಸೇರಿ 1,600 ರೂಪಾಯಿ ದಾಟಬಾರದೆಂದು ನಿಶ್ಚಯಿಸಿಕೊಂಡು ಹುಡುಕಲು ಹೊರಟೆ.

ಮೊದಲು ತಿಳಿದುಕೊಳ್ಳಬೇಕಾಗಿದ್ದದ್ದು ಯುವಿ ರಕ್ಷಣೆ ಎಂದರೇನು ಎಂಬುದನ್ನು. ಸೂರ್ಯನಿಂದ ಬರುವ ಅತಿನೇರಳೆ (ಯುವಿ) ಕಿರಣಗಳಲ್ಲಿ ನೆಲಕ್ಕೆ ಮುಟ್ಟುವವು ಮುಖ್ಯವಾಗಿ ಎರಡು ಬಗೆಯವು: 315ರಿಂದ 400 ನ್ಯಾನೊಮೀಟರ್ ತರಂಗಾಂತರದ ಯುವಿ–ಎ ಮತ್ತು ಅದಕ್ಕಿಂತ ಕಡಿಮೆ ತರಂಗಾಂತರದ ಯುವಿ–ಬಿ. ಕನ್ನಡಕದ ಮೇಲೆ ‘ಯುವಿ 400’ ಎಂದು ಬರೆದಿದ್ದರೆ 400 ನ್ಯಾನೊಮೀಟರ್‌ವರೆಗಿನ ಕಿರಣಗಳನ್ನು ಅದು ತಡೆಯುತ್ತದೆಂದು ಅರ್ಥ. ಈ ಕಿರಣಗಳು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಗಾಜು ಎಷ್ಟು ಕಪ್ಪಗಿದೆ ಎಂಬುದನ್ನು ನೋಡಿ ಅದು ಇವುಗಳನ್ನು ಎಷ್ಟು ತಡೆಯುತ್ತದೆಂದು ಹೇಳಲು ಸಾಧ್ಯವೇ ಇಲ್ಲ. ಒಳ್ಳೆಯ ಪ್ಲಾಸ್ಟಿಕ್ ಲೆನ್ಸಿನಲ್ಲಿ ಬಣ್ಣವೇ ಇಲ್ಲದಿದ್ದರೂ ಪೂರ್ಣ ರಕ್ಷಣೆ ಇರಬಹುದು, ಕಡುಗಪ್ಪು ಲೆನ್ಸಿನಲ್ಲಿ ಅದು ಇಲ್ಲದೆಯೂ ಇರಬಹುದು. ಹೆಚ್ಚು ಅಪಾಯಕಾರಿಯಾದದ್ದು ಎರಡನೆಯದು, ಏಕೆಂದರೆ ಕತ್ತಲೆಯಾಯಿತೆಂದು ಪಾಪೆ ಹಿಗ್ಗುತ್ತದೆ, ಬಿಸಿಲಿಗೆ ಕಣ್ಣು ಕಿರಿದು ಮಾಡುವ ಅಭ್ಯಾಸವೂ ತಪ್ಪುತ್ತದೆ, ಹಾಗೆ ತೆರೆದ ಬಾಗಿಲಿನಿಂದ ಕಾಣದ ಕಿರಣಗಳು ಒಳಗೆ ಹೋಗುತ್ತವೆ.

ಸೂಪರ್ ಮಾರ್ಕೆಟ್ ಹತ್ತಿರದ ಒಂದು ಕನ್ನಡಕದ ಅಂಗಡಿಯಲ್ಲಿ ಯುವಿ ಅಳೆಯುವ ಪುಟ್ಟ ಯಂತ್ರವಿತ್ತು. ಮನೆಯಲ್ಲಿದ್ದ ಮೂರು ಕನ್ನಡಕಗಳನ್ನು ಅಲ್ಲಿಗೆ ಒಯ್ದೆ: ಬಸ್‌ಸ್ಟ್ಯಾಂಡಿನ ಬಳಿ ರಸ್ತೆಬದಿಯಲ್ಲಿ 150 ರೂಪಾಯಿಗೆ ಕೊಂಡದ್ದು, ಅಪ್ಪನ ಬಲಗಣ್ಣಿಗೆ ಕಣ್ಣಿನ ಪೊರೆಯ (ಕ್ಯಾಟರಾಕ್ಟ್) ಶಸ್ತ್ರಚಿಕಿತ್ಸೆಯಾದಾಗ ಶಿಬಿರದಲ್ಲಿ ಕೊಟ್ಟ ಕಪ್ಪು ಕನ್ನಡಕ, ಮತ್ತು ಭಾವನವರು ಬಹಳ ಹಿಂದೆ ಹೆಚ್ಚು ಹಣ ಕೊಟ್ಟು ತಂದಿದ್ದ ಗಾಜಿನ ಲೆನ್ಸಿನದು. ಲೆನ್ಸನ್ನು ಯಂತ್ರದ ಸಂದಿಯಲ್ಲಿಟ್ಟು ಗುಂಡಿ ಒತ್ತಿದರೆ ಶೇಕಡಾ ಎಷ್ಟು ಯುವಿ ದಾಟಿತೆಂದು ಅಂಕಿ ಮೂಡುತ್ತದೆ. ರಸ್ತೆಬದಿಯದು ಸೊನ್ನೆ ತೋರಿಸಿತು. ಶಿಬಿರದ್ದೂ ಸೊನ್ನೆ. ಎಲ್ಲಕ್ಕಿಂತ ದುಬಾರಿಯಾದ ಗಾಜಿನ ಲೆನ್ಸಿನಲ್ಲಿ ಮಾತ್ರ ಕಿರಣಗಳು ದಾಟುತ್ತಿದ್ದವು. ಕಾರಣ ಅಂಗಡಿಯವರಿಗೂ ಗೊತ್ತಿತ್ತು: ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ತನ್ನ ಗುಣದಿಂದಲೇ ಯುವಿಯ ಬಹುಪಾಲನ್ನು ಹೀರಿಕೊಳ್ಳುತ್ತದೆ, ಆದರೆ ಸಾಮಾನ್ಯ ಗಾಜು ಯುವಿ–ಬಿಯನ್ನು ತಡೆದರೂ ಯುವಿ–ಎಯ ಸಾಕಷ್ಟು ಭಾಗವನ್ನು ಬಿಟ್ಟುಕೊಡುತ್ತದೆ. ರಸ್ತೆಬದಿಯ ಕನ್ನಡಕಗಳೆಲ್ಲ ಹೀಗೇ ಇರುತ್ತವೆಂದು ಇದರಿಂದ ತಿಳಿಯಬಾರದು. ಆದರೆ ಬೆಲೆಯನ್ನು ನೋಡಿ ರಕ್ಷಣೆಯನ್ನು ಊಹಿಸುವುದನ್ನು ನಾನು ಅಂದೇ ಬಿಟ್ಟೆ.

ಯಂತ್ರ ಸಿಗದವರು ಮನೆಯಲ್ಲಿಯೇ ಒಂದು ಸ್ಥೂಲ ಪರೀಕ್ಷೆ ಮಾಡಬಹುದು. ಖೋಟಾ ನೋಟು ಪತ್ತೆಗೆ ಅಂಗಡಿಗಳಲ್ಲಿ ಬಳಸುವ ಸಣ್ಣ ಯುವಿ ಟಾರ್ಚನ್ನು ಕತ್ತಲ ಕೋಣೆಯಲ್ಲಿ ನಮ್ಮ ನೋಟಿನ ಮೇಲೆ ಬಿಟ್ಟರೆ ಅದರ ಕ್ರಮಸಂಖ್ಯೆಯೂ, ಕಾಗದದಲ್ಲಿ ಅಲ್ಲಲ್ಲಿ ಹುದುಗಿರುವ ಎಳೆಗಳೂ ಹೊಳೆಯುತ್ತವೆ. ಈಗ ಟಾರ್ಚಿಗೂ ನೋಟಿಗೂ ನಡುವೆ ಲೆನ್ಸನ್ನು ಹಿಡಿದು, ನಾವು ಮಾತ್ರ ಬದಿಯಿಂದ, ಲೆನ್ಸಿನ ಮೂಲಕವಲ್ಲದೆ, ನೇರವಾಗಿ ನೋಟನ್ನು ನೋಡಬೇಕು. ಹೊಳಪು ಪೂರ್ತಿ ಆರಿದರೆ ಲೆನ್ಸು ಆ ಕಿರಣವನ್ನು ತಡೆಯುತ್ತಿದೆ ಎಂದರ್ಥ. ಹೊಳೆಯುತ್ತಲೇ ಇದ್ದರೆ ಆ ಕನ್ನಡಕವನ್ನು ಕೊಳ್ಳಬೇಡಿ. ಟಾರ್ಚಿನ ಬೆಳಕನ್ನು ಎಂದಿಗೂ ಕಣ್ಣಿಗೆ ಬಿಟ್ಟುಕೊಳ್ಳಬಾರದು, ಮಕ್ಕಳ ಕೈಗೂ ಅದನ್ನು ಕೊಡಬಾರದು. ಈ ಪರೀಕ್ಷೆ ಅಂಗಡಿಯ ಯಂತ್ರಕ್ಕೆ ಸಮನಲ್ಲವಾದರೂ, ತೀರಾ ಕಳಪೆಯದನ್ನು ಬೇರ್ಪಡಿಸಲು ಸಾಕು.

ಕಪ್ಪಿನ ಪ್ರಮಾಣಕ್ಕೆ ಬೇರೆಯದೇ ಅಳತೆಯಿದೆ. ಕಡ್ಡಿಯ ಒಳಬದಿಯಲ್ಲಿ ಕೆಲವೊಮ್ಮೆ 0ಯಿಂದ 4ರವರೆಗಿನ ಒಂದು ವರ್ಗಸಂಖ್ಯೆ ಇರುತ್ತದೆ. 2ನೆಯ ವರ್ಗದ ಲೆನ್ಸು ಕಾಣುವ ಬೆಳಕಿನ ಶೇ. 18ರಿಂದ 43ರಷ್ಟನ್ನು ಒಳಬಿಡುತ್ತದೆ, 3ನೆಯದು ಶೇ. 8ರಿಂದ 18ರಷ್ಟನ್ನು, 4ನೆಯದು ಕೇವಲ ಶೇ. 3ರಿಂದ 8ರಷ್ಟನ್ನು. ನಮ್ಮ ಬೇಸಿಗೆಗೆ 3 ಸರಿಹೋಗುತ್ತದೆ. 4ನ್ನು ಹಾಕಿಕೊಂಡು ವಾಹನ ಓಡಿಸುವಂತಿಲ್ಲ. ಸೂರ್ಯ ಮುಳುಗಿದ ಮೇಲೆ ಯಾವ ವರ್ಗದ ಬಣ್ಣದ ಕನ್ನಡಕವನ್ನಾದರೂ ತೆಗೆದುಬಿಡಬೇಕು.

ನಾನು ಮೊದಲು ಹೋದ ಇನ್ನೊಂದು ಅಂಗಡಿಯ ವಿಷಯವನ್ನು ಇಲ್ಲಿ ಹೇಳಲೇಬೇಕು. ಅಲ್ಲಿಯ ಮಾರಾಟಗಾರರು ಬೂದು ಬಣ್ಣದ ಒಂದು ಕಾರ್ಡನ್ನು ತೋರಿಸಿ, ಬರಿಗಣ್ಣಿಗೆ ಏನೂ ಕಾಣದ ಅದರಲ್ಲಿ ಕನ್ನಡಕ ಹಾಕಿದೊಡನೆ ಮೀನಿನ ಚಿತ್ರ ಕಾಣುವಂತೆ ಮಾಡಿ, “ನೋಡ್ರಿ ಸರ್, ಪೂರಾ ಯುವಿ ಪ್ರೊಟೆಕ್ಷನ್” ಎಂದರು. ಆ ಕಾರ್ಡು ಸಾಬೀತುಪಡಿಸುವುದು ಲೆನ್ಸು ಪೋಲರೈಸ್ಡ್ ಆಗಿದೆ ಎಂಬುದನ್ನು ಮಾತ್ರ. ಯುವಿಗೂ ಅದಕ್ಕೂ ಸಂಬಂಧವಿಲ್ಲ. ಒದ್ದೆ ಡಾಂಬರು, ಕೆರೆಯ ನೀರು, ಎದುರಿನ ಕಾರಿನ ಬಾನೆಟ್ಟು, ಇಂಥ ಮೇಲ್ಮೈಗಳಿಂದ ಪ್ರತಿಫಲಿಸುವ ಬೆಳಕು ಹೆಚ್ಚಾಗಿ ಅಡ್ಡಡ್ಡ ಕಂಪಿಸುತ್ತದೆ. ಪೋಲರೈಸ್ಡ್ ಲೆನ್ಸು ಅದನ್ನು ಸೋಸಿ ಕಣ್ಣು ಕುಕ್ಕುವ ಝಳವನ್ನು ತಗ್ಗಿಸುತ್ತದೆ. ಬೈಕು ಓಡಿಸುವವನಿಗೆ ಅದೊಂದು ದೊಡ್ಡ ನೆಮ್ಮದಿ ಎಂಬುದನ್ನು ಒಪ್ಪುತ್ತೇನೆ. ಅದನ್ನು ಪರೀಕ್ಷಿಸಲು ಕಾರ್ಡೂ ಬೇಕಿಲ್ಲ. ಎರಡು ಪೋಲರೈಸ್ಡ್ ಕನ್ನಡಕಗಳ ಲೆನ್ಸುಗಳನ್ನು ಒಂದರ ಮೇಲೊಂದಿಟ್ಟು ಒಂದನ್ನು ಕಾಲು ಸುತ್ತು ತಿರುಗಿಸಿದರೆ ಎರಡೂ ಸೇರಿದ ಜಾಗ ಕಗ್ಗತ್ತಲಾಗುತ್ತದೆ. ಆದರೆ ಹಣ ಸಾಲದಿದ್ದರೆ ನಾನು ಮೊದಲು ಬಿಟ್ಟುಕೊಡುವುದು ಇದನ್ನೇ. ಯುವಿ ತಡೆಯನ್ನೂ, ಅಳತೆಯನ್ನೂ, ಲೆನ್ಸಿನ ನಯವನ್ನೂ ಬಿಟ್ಟುಕೊಡಲಾರೆ.

ಅಳತೆಗೆ ಇಷ್ಟು ಮಹತ್ವವೇಕೆಂದರೆ, ಕಣ್ಣಿಗೆ ಬಿಸಿಲು ಮುಂದಿನಿಂದ ಮಾತ್ರ ಬರುವುದಿಲ್ಲ. ಕಲಬುರಗಿಯಲ್ಲಿ ಮೇ 10ರ ಆಸುಪಾಸಿನ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಆಗ ಹುಬ್ಬಿನ ಎಲುಬೇ ಕಣ್ಣಿಗೆ ನೆರಳಾಗುತ್ತದೆ. ಬೆಳಿಗ್ಗೆ ಎಂಟು ಒಂಬತ್ತರ, ಸಂಜೆ ನಾಲ್ಕರ ಓರೆ ಬಿಸಿಲು ಮಾತ್ರ ಎದುರಿನಿಂದ, ಪಕ್ಕದಿಂದ ಸೀದಾ ಒಳಗೆ ಬರುತ್ತದೆ. ಕಿವಿಯ ಕಡೆಯಿಂದ ಬಂದ ಓರೆ ಕಿರಣವನ್ನು ಕಾರ್ನಿಯಾ, ಅಂದರೆ ಕಪ್ಪುಗುಡ್ಡೆಯ ಮುಂದಿನ ಪಾರದರ್ಶಕ ಪದರ, ಬಾಗಿಸಿ ಮೂಗಿನ ಕಡೆಯ ಅಂಚಿನಲ್ಲಿ ಒಟ್ಟುಗೂಡಿಸುತ್ತದೆ. ದುರ್ಮಾಂಸ ಹೆಚ್ಚಾಗಿ ಆ ಅಂಚಿನಲ್ಲಿಯೇ ಬೆಳೆಯುವುದಕ್ಕೆ ಇದೊಂದು ಕಾರಣವೆಂದು ಓದಿದ ದಿನ ಅಪ್ಪನ ಕಣ್ಣನ್ನು ಮತ್ತೊಮ್ಮೆ ನೋಡಿದೆ. ಆದ್ದರಿಂದ ಚಿಕ್ಕ ದುಂಡು ಲೆನ್ಸಿನ ಸೊಗಸಿಗೆ ಮರುಳಾಗದೆ, ಹುಬ್ಬಿನಿಂದ ಕೆನ್ನೆಯವರೆಗೆ ಮುಚ್ಚುವ, ಕಿವಿಯ ಕಡೆಗೆ ಸ್ವಲ್ಪ ಬಾಗಿ ಪಕ್ಕದ ಸಂದಿಯನ್ನು ಕಿರಿದಾಗಿಸುವ ಫ್ರೇಮನ್ನು ಆರಿಸಬೇಕು. ಕಡ್ಡಿಯ ಒಳಗೆ ಅಚ್ಚಾಗಿರುವ 58, 16, 135 ಎಂಬಂಥ ಮೂರು ಅಂಕಿಗಳು ಕ್ರಮವಾಗಿ ಲೆನ್ಸಿನ ಅಗಲ, ಮೂಗಿನ ಸೇತುವೆ ಮತ್ತು ಕಡ್ಡಿಯ ಉದ್ದವನ್ನು ಮಿಲಿಮೀಟರಿನಲ್ಲಿ ಹೇಳುತ್ತವೆ. ಮುಖಕ್ಕೆ ಚೆನ್ನಾಗಿ ಕೂತ ಕನ್ನಡಕವೊಂದರ ಅಂಕಿಗಳನ್ನು ಬರೆದಿಟ್ಟುಕೊಂಡರೆ ಆನ್‌ಲೈನಿನಲ್ಲಿ ಕೊಳ್ಳುವಾಗ ಮೋಸವಾಗುವುದಿಲ್ಲ. ಹೆಲ್ಮೆಟ್ ಹಾಕುವವರಿಗೆ ನೇರವಾದ ತೆಳು ಕಡ್ಡಿಯೇ ಬೇಕು. ದಪ್ಪ ಕಡ್ಡಿ ಅರ್ಧ ಗಂಟೆಯಲ್ಲಿ ಕಿವಿಯ ಮೇಲೆ ನೋವೆಬ್ಬಿಸುತ್ತದೆ.

ಯುವಿಯಲ್ಲಿ ಸೊನ್ನೆ ತೋರಿಸಿದ ಆ 150 ರೂಪಾಯಿಯ ಕನ್ನಡಕವನ್ನು ನಾನೇಕೆ ಬಿಟ್ಟೆನೆಂದರೆ, ಅದನ್ನು ಹಾಕಿಕೊಂಡ ದಿನವೆಲ್ಲ ಸಂಜೆಯ ಹೊತ್ತಿಗೆ ಹಣೆ ಸಿಡಿಯುತ್ತಿತ್ತು. ಕನ್ನಡಕವನ್ನು ತೋಳಿನಷ್ಟು ದೂರದಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ, ಲೆನ್ಸಿನ ಮೂಲಕ ಬಾಗಿಲ ಚೌಕಟ್ಟನ್ನು ನೋಡುತ್ತ ನಿಧಾನವಾಗಿ ಆಚೀಚೆ ಸರಿಸಿದೆ. ನೆಟ್ಟಗಿದ್ದ ಚೌಕಟ್ಟು ಲೆನ್ಸಿನ ಅಂಚಿನ ಬಳಿ ನೀರಿನಲ್ಲಿ ಅದ್ದಿದ ಕೋಲಿನಂತೆ ಬಾಗುತ್ತಿತ್ತು. ಅಚ್ಚಿನ ದೋಷದಿಂದ ಹೀಗೆ ಅಲೆಯಾದ ಲೆನ್ಸಿನಲ್ಲಿ ಎರಡು ಕಣ್ಣುಗಳೂ ದಿನವಿಡೀ ಆ ಬಾಗನ್ನು ಸರಿಪಡಿಸಿಕೊಳ್ಳಲು ಹೆಣಗುತ್ತವೆ. ಯಾವ ಅಂಗಡಿಯಲ್ಲಿಯೇ ಆಗಲಿ ಈ ಪರೀಕ್ಷೆಗೆ ಹತ್ತು ಸೆಕೆಂಡು ಸಾಕು. ಜೊತೆಗೆ, ಬಿಳಿ ಹಾಳೆಯ ಮೇಲಿಟ್ಟು ಎರಡೂ ಲೆನ್ಸುಗಳ ಬಣ್ಣ ಒಂದೇ ಆಗಿದೆಯೇ ಎಂದು ನೋಡಿಕೊಳ್ಳಿ.

ಬಣ್ಣದಲ್ಲಿ ಬೂದು ಅಥವಾ ಕಂದು ಎರಡೂ ಒಳ್ಳೆಯವು. ಬೂದು ಬಣ್ಣ ಸಿಗ್ನಲ್ ದೀಪಗಳ ಬಣ್ಣವನ್ನು ಕೆಡಿಸುವುದಿಲ್ಲ. ನಂಬರಿನ ಕನ್ನಡಕ ಹಾಕುವವರು ಹಳೆಯ ಫ್ರೇಮಿಗೇ ಯುವಿ ತಡೆಯುವ ಬಣ್ಣದ ಪ್ಲಾಸ್ಟಿಕ್ ಲೆನ್ಸನ್ನು ತಮ್ಮ ನಂಬರಿಗೆ ಹಾಕಿಸಿಕೊಂಡರೆ ಫ್ರೇಮಿನ ಹಣ ಉಳಿಯುತ್ತದೆ. ಬಿಸಿಲಿಗೆ ತಾನಾಗಿ ಕಪ್ಪಾಗುವ ಲೆನ್ಸಿಗೆ ಕಪ್ಪಾಗಲು ಯುವಿಯೇ ಬೇಕಾದ್ದರಿಂದ, ಯುವಿ ತಡೆಯುವ ಕಾರಿನ ಮುಂಗಾಜಿನ ಹಿಂದೆಯೋ ಹೆಲ್ಮೆಟ್ಟಿನ ಮುಖಗಾಜಿನ ಹಿಂದೆಯೋ ಅದು ಸರಿಯಾಗಿ ಕಪ್ಪಾಗುವುದಿಲ್ಲ.

ಕೊನೆಗೆ ಯಂತ್ರವಿದ್ದ ಅಂಗಡಿಯಲ್ಲಿಯೇ, ಹೆಸರಿಲ್ಲದ ಕಂಪನಿಯ, ಬೂದು ಪಾಲಿಕಾರ್ಬೊನೇಟ್ ಲೆನ್ಸಿನ, ಪಕ್ಕಕ್ಕೆ ಬಾಗಿದ ಕನ್ನಡಕವನ್ನು ಅಪ್ಪನಿಗೆ 650 ರೂಪಾಯಿಗೂ, ಪೋಲರೈಸ್ಡ್ ಇರುವ ಇನ್ನೊಂದನ್ನು ನನಗೆ 900ಕ್ಕೂ ಕೊಂಡೆ. ಎರಡನ್ನೂ ನನ್ನೆದುರಿಗೇ ಯಂತ್ರದಲ್ಲಿಟ್ಟು ತೋರಿಸಿ, ಕಡ್ಡಿಯ ತಿರುಪುಗಳನ್ನು ಬಿಗಿಮಾಡಿಕೊಟ್ಟರು. ಪಾಲಿಕಾರ್ಬೊನೇಟಿಗೆ ಪೆಟ್ಟು ತಾಳುವ ಶಕ್ತಿ ಇದ್ದರೂ ಗೀರು ಬೇಗ ಬೀಳುತ್ತದೆ. ಹೊಲದ ಧೂಳು ಕೂತ ಲೆನ್ಸನ್ನು ಟವೆಲಿನಿಂದ ಒರೆಸಿದರೆ ಮರಳು ಕಾಗದದಿಂದ ಉಜ್ಜಿದಂತೆಯೇ. ಅದಕ್ಕೇ ಅಪ್ಪ ಈಗ ಹೊಲದಿಂದ ಬಂದೊಡನೆ ಕನ್ನಡಕವನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದು, ಒಣಗಿದ ಮೇಲೆ ಹತ್ತಿಯ ಬಟ್ಟೆಯಿಂದ ಮೆಲ್ಲಗೆ ಒತ್ತಿ, ಲೆನ್ಸು ಮೇಲ್ಮುಖವಾಗಿ ಗೂಡಿನಲ್ಲಿಡುತ್ತಾರೆ. ಬಗ್ಗಿದಾಗ ಜಾರಿ ಬೀಳದಂತೆ ತಂಗಿ ಅದರ ಕಡ್ಡಿಗಳಿಗೆ ಕರಿದಾರ ಕಟ್ಟಿಕೊಟ್ಟಿದ್ದಾಳೆ.