ಹುಳಿ ಕೊನೆಗೆ: ಪಿ.ಜಿ. ಅಡುಗೆಮನೆಯ ಗಟ್ಟಿ ಕಾಳು ಸಾರು

ಕೋಲಾರದ ನರಸಾಪುರ ಕೈಗಾರಿಕಾ ಪ್ರದೇಶದ ಹತ್ತಿರ, ಫ್ಯಾಕ್ಟರಿ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಪಿ.ಜಿ.ಯಲ್ಲಿ ನಾನು ಅಡುಗೆಯವಳು. ಭಾನುವಾರ ಬಿಟ್ಟರೆ ದಿನಾ ರಾತ್ರಿ ಒಂದೇ ಡಬರಿ ಅಡುಗೆ. ಕಾಳು, ತರಕಾರಿ, ಸೊಪ್ಪು ಎಲ್ಲ ಅದರಲ್ಲೇ. ಪಲ್ಯ ಬೇರೆ, ಸಾರು ಬೇರೆ ಅಂತ ಮಾಡುವುದಕ್ಕೆ ಒಲೆಯೂ ಸಾಲದು, ಕೈಯೂ ಸಾಲದು. ತುಪ್ಪ, ಮೊಸರು, ಕೆನೆ ಯಾವುದೂ ಬೀಳುವುದಿಲ್ಲ. ಮುದ್ದೆಯ ಪಾತ್ರೆ ಬೇರೆ ಇದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕೋಲಾರದಲ್ಲಿ ಮುದ್ದೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಇದ್ದೇ ಇರುತ್ತದೆ.

ಮಸಾಲೆ ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಈ ಕೆಲಸದಲ್ಲಿ ನಾನು ಕಲಿತದ್ದು ಮಸಾಲೆಗಿಂತ ಮೊದಲಿನ ಸಂಗತಿ. ಯಾವುದು ಮೊದಲು ಬೀಳಬೇಕು, ಯಾವುದು ಕಾಯಬೇಕು ಅನ್ನುವುದು.

ಕಾಳು ಬೇಯದಿದ್ದರೆ ನಮ್ಮ ಕಡೆ ಮೊದಲು ಬೈಸಿಕೊಳ್ಳುವವನು ಅಂಗಡಿಯವನು. ಹಳೇ ಮಾಲು ಕೊಟ್ಟ ಅಂತ. ಕೆಲವು ಸಲ ಅದು ನಿಜವೇ. ಬಿಸಿಲು, ತೇವ ಎರಡೂ ತಗುಲುವ ಕಡೆ ತಿಂಗಳುಗಟ್ಟಲೆ ಬಿದ್ದಿದ್ದ ಕಾಳು ಎಷ್ಟು ಕುದಿಸಿದರೂ ಹಲ್ಲಿಗೆ ಸಿಗುತ್ತದೆ. ಆದರೆ ಕೋಲಾರದಲ್ಲಿ ನೀರಿನ ಪಾಲು ದೊಡ್ಡದು. ಸಾವಿರ ಅಡಿ ಕೆಳಗಿಂದ ಬರುವ ಬೋರ್‌ವೆಲ್ ನೀರು ಗಡಸು. ನಮ್ಮ ಡಬರಿಯ ಒಳಗೆ ಬಿಳಿ ಪಾಚಿಯ ಹಾಗೆ ಕಟ್ಟಿಕೊಂಡು, ಕೆರೆದರೂ ಬಿಡದ ಪದರ ಅದರದ್ದೇ. ಆ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾಳಿನೊಳಗೆ ಅಂಟಿನ ಹಾಗೆ ಹಿಡಿದುಕೊಂಡಿರುವ ಪೆಕ್ಟಿನ್ ಜೊತೆ ಸೇರಿ ಅದನ್ನು ಬಿಗಿಮಾಡುತ್ತವೆ. ಪೆಕ್ಟಿನ್ ಕರಗದೆ ಕಾಳು ಮೆತ್ತಗಾಗುವುದಿಲ್ಲ.

ಸಾಲದ್ದಕ್ಕೆ ನಮ್ಮೂರು ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ಮುಟ್ಟುವುದೇ ಇಲ್ಲ, 97ರ ಆಸುಪಾಸಿನಲ್ಲೇ ಕುದಿಯುತ್ತದೆ. ಕುಕ್ಕರ್ ಒಳಗಾದರೆ 120ರ ಹತ್ತಿರ ಹೋಗುತ್ತದೆ. ಹಾಗಾಗಿ ಮನೆಯ ಕುಕ್ಕರಿನಲ್ಲಿ ಮುಚ್ಚಿಹೋಗುವ ತಪ್ಪುಗಳೆಲ್ಲ ನಮ್ಮ ಡಬರಿಯಲ್ಲಿ ಬಯಲಾಗುತ್ತವೆ.

ನೀರಿಗೆ ಉಪಾಯ ಸುಲಭ. ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ ಒಂದು ಕ್ಯಾನ್ ತುಂಬುತ್ತದೆ. ಆ ನೀರು ಕಾಳು ನೆನೆಸುವುದಕ್ಕೆ, ಬೇಯಿಸುವುದಕ್ಕೆ ಮಾತ್ರ. ತರಕಾರಿ ತೊಳೆಯುವುದಕ್ಕೆಲ್ಲ ಬೋರ್ ನೀರೇ ಆಯಿತು. ನೆನೆಸುವಾಗಲೇ ಲೀಟರಿಗೆ ಒಂದು ದೊಡ್ಡ ಚಮಚ ಉಪ್ಪು ಹಾಕುತ್ತೇನೆ. ನನ್ನ ಜೊತೆ ಕೆಲಸಕ್ಕಿರುವ ಅಜ್ಜಿಗೆ ಇದು ಇವತ್ತಿಗೂ ಒಪ್ಪಿಗೆಯಿಲ್ಲ. "ಉಪ್ಪು ಹಾಕಿದ್ರೆ ಕಾಳು ಕಲ್ಲಾಗುತ್ತೆ ಕಣಮ್ಮಿ" ಅನ್ನುತ್ತಾರೆ. ಆಗುವುದು ಉಲ್ಟಾ. ಉಪ್ಪಿನ ಸೋಡಿಯಂ ಆ ಕ್ಯಾಲ್ಸಿಯಮ್ಮನ್ನು ಪಕ್ಕಕ್ಕೆ ಸರಿಸಿ ಸಿಪ್ಪೆಯನ್ನು ಸಡಿಲ ಮಾಡುತ್ತದೆ. ಅಡುಗೆ ಸೋಡಾ ಹಾಕಿದರೆ ಇನ್ನೂ ಬೇಗ ಬೇಯುತ್ತದೆ, ನಿಜ. ಆದರೆ ಬಿ1 ಜೀವಸತ್ವ ಹಾಳಾಗುತ್ತದೆ, ಕೈ ಸ್ವಲ್ಪ ಜಾಸ್ತಿಯಾದರೆ ಸಾರಿಗೆ ಸೋಪಿನ ವಾಸನೆ ಬರುತ್ತದೆ. ನಾನು ಮುಟ್ಟುವುದಿಲ್ಲ.

ಕಾಳನ್ನು ನಿಜವಾಗಿ ಕಲ್ಲು ಮಾಡುವುದು ಹುಳಿ. ಈರುಳ್ಳಿ ಬಾಡಿದ ತಕ್ಷಣ ಕೈ ತಾನಾಗೇ ಟೊಮೆಟೊ ಕಡೆಗೆ ಹೋಗುತ್ತದೆ, ಎಲ್ಲರ ಕೈಯೂ. ಅಲ್ಲಿ ತಡೆಯಬೇಕು. ಟೊಮೆಟೊ, ಹುಣಸೆಹಣ್ಣು ಮೊದಲೇ ಬಿದ್ದರೆ ಕಾಳು ಅಲ್ಲೇ ನಿಂತುಬಿಡುತ್ತದೆ, ಆಲೂಗಡ್ಡೆಯೂ ಅಷ್ಟೆ, ಅಂಚು ಮುರಿಯದೆ ಗಟ್ಟಿಯಾಗೇ ತೇಲುತ್ತದೆ. ಹುಳಿ ಮದುವೆ ಮನೆಗೆ ಊಟದ ಹೊತ್ತಿಗೆ ಬರುವ ನೆಂಟರಂತೆ ಬರಬೇಕು. ಆಗ ಬಂದರೆ ಮರ್ಯಾದೆ, ಬೆಳಗ್ಗೆಯೇ ಬಂದು ಕೂತರೆ ಯಾರ ಕೆಲಸವೂ ಸಾಗುವುದಿಲ್ಲ.

ಮನೆಯಲ್ಲಿ ನಾಲ್ಕು ಜನಕ್ಕೆ ಮಾಡುವುದಾದರೆ ಹೀಗೆ. ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಒಂದು ಲೋಟ ಹುರುಳಿಕಾಳು ಉಪ್ಪುನೀರಿಗೆ ಹಾಕಿ ಹೋಗಿ. ಮರೆತರೆ ಅಲಸಂದೆ ಕಾಳು ಸಾಕು, ಬೇಗ ಬೇಯುತ್ತದೆ. ಸಂಜೆ ಕುಕ್ಕರಿನಲ್ಲೇ ಎಣ್ಣೆ, ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ ಹತ್ತು ಎಸಳು, ಈರುಳ್ಳಿ. ಒಗ್ಗರಣೆ ಮೊದಲೇ ಆದರೆ ಇನ್ನೊಂದು ಬಾಣಲೆ ತೊಳೆಯುವ ಕೆಲಸ ತಪ್ಪುತ್ತದೆ. ಅದರ ಮೇಲೆ ಬಸಿದ ಕಾಳು, ಮೂರು ಲೋಟ ಒಳ್ಳೆಯ ನೀರು. ಹುರುಳಿಗೆ ಐದಾರು ಕೂಗು, ಅಲಸಂದೆಗೆ ಅದರ ಅರ್ಧ. ಒತ್ತಡ ತಾನಾಗಿ ಇಳಿದ ಮೇಲೆ ಎರಡು ಕಾಳು ಬೆರಳಲ್ಲಿ ಹಿಸುಕಿ ನೋಡಿ. ಒಳಗೆ ಬಿಳಿ ಚುಕ್ಕೆ ಉಳಿದಿದ್ದರೆ ಇನ್ನೆರಡು ಕೂಗು. ಈ ಹಂತ ದಾಟದೆ ಮುಂದಕ್ಕೆ ಹೋಗಬೇಡಿ.

ಬೆಂದಮೇಲೆ ಮುಚ್ಚಳ ಬೇಡ. ಆಲೂಗಡ್ಡೆ, ನವಿಲುಕೋಸು ಮೊದಲು, ಅವು ಅರ್ಧ ಬೆಂದಾಗ ಬದನೆಕಾಯಿ. ಅಷ್ಟರಲ್ಲಿ ಮಿಕ್ಸಿ: ಹುರಿದ ಧನಿಯ ಒಂದು ದೊಡ್ಡ ಚಮಚ, ಬ್ಯಾಡಗಿ ಮೆಣಸಿನಕಾಯಿ ನಾಲ್ಕು, ಒಂದು ಚೂರು ಚಕ್ಕೆ, ಹಿಡಿ ತೆಂಗಿನತುರಿ, ಎರಡು ಟೊಮೆಟೊ, ಜೊತೆಗೆ ಕುಕ್ಕರಿನಿಂದಲೇ ತೆಗೆದ ಒಂದು ಸೌಟು ಬೆಂದ ಕಾಳು. ಈ ಒಂದು ಸೌಟು ಕಾಳೇ ಸಾರಿಗೆ ಮೈ ಕೊಡುವುದು. ರಾಯಚೂರು ಕಡೆಯ ಹುಡುಗಿ ಒಬ್ಬಳು ಬಂದ ಹೊಸದರಲ್ಲಿ ದಿನಾ "ಅಕ್ಕಾ, ಸಾರು ಭಾಳ ತೆಳ್ಳಗ ಐತ್ರಿ" ಅನ್ನುತ್ತಿದ್ದಳು. ಕಾಳು ರುಬ್ಬಿ ಹಾಕಲು ಶುರುಮಾಡಿದ ಮೇಲೆ ಆ ಮಾತು ನಿಂತಿತು. ಈಗ ರೊಟ್ಟಿ ಇಲ್ಲ ಅನ್ನುವುದೊಂದೇ ಅವಳ ತಕರಾರು.

ತರಕಾರಿ ಬೆಂದ ಮೇಲೆ ರುಬ್ಬಿದ್ದು, ಒಂದು ಕುದಿ ಬಂದ ಮೇಲೆ ಸೊಪ್ಪು. ಮಳೆ ಬಿದ್ದ ವಾರಗಳಲ್ಲಿ ಸಂತೆಗೆ ಬೆರಕೆ ಸೊಪ್ಪು ಬರುತ್ತದೆ. ಹೊಲದ ಬದುವಿನಲ್ಲಿ ಬೆಳೆದ ಅಣ್ಣೆ, ಗೋಣಿ, ಕನ್ನೆ ಎಲ್ಲ ಸೇರಿದ್ದು. ಅದಿದ್ದರೆ ಬೇರೆ ಸೊಪ್ಪು ಕೇಳಬೇಡಿ. ಕೊನೆಗೆ ರುಚಿ ನೋಡಿ ಬೇಕಾದರೆ ಹುಣಸೆ ರಸ, ಮತ್ತೆ ಐದು ನಿಮಿಷ ಕುದಿ. 2023ರ ಜುಲೈಯಲ್ಲಿ ನಮ್ಮ ಎಪಿಎಂಸಿಯಲ್ಲೇ 15 ಕೆಜಿ ಟೊಮೆಟೊ ಬಾಕ್ಸ್ 2000 ರೂಪಾಯಿ ದಾಟಿದಾಗ ಬರೀ ಹುಣಸೆಯಲ್ಲೇ ನಡೆಸಿದೆವು. ಯಾರೂ ಕೇಳಲಿಲ್ಲ.

ಇನ್ನೊಂದು, ಶಿಫ್ಟ್ ಅಡುಗೆ ಕಲಿಸಿದ್ದು. ಸೆಕೆಂಡ್ ಶಿಫ್ಟಿನವರು ಬರುವಾಗ ರಾತ್ರಿ ಹತ್ತು ದಾಟಿರುತ್ತದೆ. ತೆಂಗಿನಕಾಯಿ ಬಿದ್ದ ಸಾರು ಬೆಚ್ಚಗೆ ಕೂತರೆ ಬೇಗ ಹಳಸುತ್ತದೆ. 60 ಡಿಗ್ರಿಗಿಂತ ಬಿಸಿಯಾಗಿ ಇರಬೇಕು, ಇಲ್ಲವೇ ಬೇಗ ತಣ್ಣಗಾಗಿ ಫ್ರಿಜ್ ಸೇರಬೇಕು. ನಾನು ಅವರ ಪಾಲನ್ನು ರುಬ್ಬಿದ್ದು ಹಾಕುವ ಮೊದಲೇ ಎತ್ತಿ ಸಣ್ಣ ಉರಿಯಲ್ಲಿಡುತ್ತೇನೆ, ಮಸಾಲೆ ಫ್ರಿಜ್ಜಿನಲ್ಲಿರುತ್ತದೆ. ಬಸ್ಸಿನ ಸದ್ದಾದ ಮೇಲೆ ಸೇರಿಸಿ ಕುದಿಸಿದರೆ ಆಯಿತು. ಮನೆಯಲ್ಲೂ ಒಬ್ಬರು ತಡವಾಗಿ ಬರುವವರಿದ್ದರೆ ಹೀಗೇ ಮಾಡಬಹುದು. ಅಷ್ಟರಲ್ಲಿ ಗಟ್ಟಿಯಾಗಿದ್ದರೆ ಬಿಸಿನೀರು ಬೆರೆಸಿ, ತಣ್ಣೀರು ಬೇಡ.

ಡಿಸೆಂಬರ್, ಜನವರಿಯಲ್ಲಿ ಹಸಿ ಅವರೆಕಾಳು ಬಂದಾಗ ನೆನೆಸುವ ಮಾತೇ ಇಲ್ಲ, ಅರ್ಧ ಸಮಯ ಉಳಿಯುತ್ತದೆ. ಹಿತಕಿದ ಬೇಳೆ ಯಾವಾಗ ಅಕ್ಕಾ ಅಂತ ಹುಡುಗಿಯರು ಆಗಲೇ ಕೇಳಲು ಶುರುಮಾಡುತ್ತಾರೆ. ಭಾನುವಾರ ಬಂದು ಅವರೆಯ ಸಿಪ್ಪೆ ಹಿತಕಿ ಕೊಡಿ, ಮಾಡುತ್ತೇನೆ ಅಂದಿದ್ದೇನೆ.