ಓದನ್ನು ಮುಂದೂಡದಿರುವ ಪ್ರಯತ್ನ: ಇಲ್ಲಿವರೆಗೆ ಆಗಿದ್ದು

ಈ ಸೆಮಿಸ್ಟರ್‌ನಲ್ಲಿ ನಾನು ಹಿಡಿದಿರುವ ಕೆಲಸ ಒಂದೇ: 'ನಾಳೆ ಓದಿದರಾಯ್ತು' ಅನ್ನೋದನ್ನು ಬಿಡಿಸಿಕೊಳ್ಳುವುದು. ದಾವಣಗೆರೆಯ ವಿದ್ಯಾನಗರದಲ್ಲಿ ರೂಮು, ಎಲೆಕ್ಟ್ರಿಕಲ್ ಓದು, ಪಕ್ಕದಲ್ಲಿ ಒಂದು ನೋಟ್‌ಬುಕ್.

ಮೊದಲು ಹಿಡಿದದ್ದು ಟೈಮರ್. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ವಿದ್ಯಾರ್ಥಿಯಾಗಿದ್ದಾಗ, 1980ರ ದಶಕದ ಕೊನೆಯಲ್ಲಿ, ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಶುರು ಮಾಡಿದ ಪದ್ಧತಿ. 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಲ್ಯಾಬ್ ರೆಕಾರ್ಡ್ ಬರೆಯೋಕೆ ಇದು ಬಹಳ ಚೆನ್ನಾಗಿದೆ. ನೆಟ್‌ವರ್ಕ್ ಲೆಕ್ಕಗಳಿಗೆ, ಅಂದರೆ ವಿದ್ಯುತ್ ಸರ್ಕ್ಯೂಟ್ ಬಿಡಿಸುವ ಲೆಕ್ಕಗಳಿಗೆ, ಮಾತ್ರ ಹೊಂದಲಿಲ್ಲ. ಸರ್ಕ್ಯೂಟ್‌ನ ಒಂದೊಂದು ಸುತ್ತಿಗೂ ಮೆಶ್ ಸಮೀಕರಣ ಬರೆದು ಬಿಡಿಸಲು ಕೂರುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಅವಕ್ಕೆ 50 ನಿಮಿಷ ಇಟ್ಟೆ, ಸರಿಹೋಯ್ತು.

ಆದರೆ ಟೈಮರ್ ಒತ್ತುವುದೇ ಕಷ್ಟ ಅಲ್ವಾ? ಮನಶ್ಶಾಸ್ತ್ರಜ್ಞರಾದ ಫ್ಯೂಷಿಯಾ ಸಿರೊಯಿಸ್ ಮತ್ತು ತಿಮೊತಿ ಪಿಚಿಲ್ 2013ರಲ್ಲಿ ಬರೆದದ್ದು ಇಲ್ಲಿ ಕೆಲಸಕ್ಕೆ ಬಂತು. ಮುಂದೂಡುವುದು ಬರೀ ಸಮಯದ ವಿಷಯವಲ್ಲ, ಆ ಕೆಲಸ ಹುಟ್ಟಿಸುವ ಕಸಿವಿಸಿಯಿಂದ ಆ ಹೊತ್ತಿಗೆ ತಪ್ಪಿಸಿಕೊಳ್ಳುವುದು ಅನ್ನುತ್ತಾರೆ ಅವರು. ಹಾಗಾಗಿ ಮುಂದೆ ತಳ್ಳಿದ ಪ್ರತಿ ಕೆಲಸದ ಎದುರು ಕಾರಣ ಬರೆಯತೊಡಗಿದೆ. ಭಯ, ಬೇಜಾರು ಕಡಿಮೆ. ಜಾಸ್ತಿ ಬಂದದ್ದು 'ಎಲ್ಲಿಂದ ಶುರು ಮಾಡೋದು ಗೊತ್ತಿಲ್ಲ'. ಇಡೀ ನೋಟ್‌ಬುಕ್‌ನಲ್ಲಿ ನನಗೆ ತುಂಬಾ ಬೆಲೆಬಾಳುವ ಸಾಲು ಇದೇ.

ಈಗ ರಾತ್ರಿ ಮಲಗುವ ಮುಂಚೆ ನಾಳೆಯ ಮೊದಲ ಹೆಜ್ಜೆ ಮಾತ್ರ ಬರೆಯುತ್ತೇನೆ. 'ಹೀಗಾದ ಕೂಡಲೇ ಹೀಗೆ ಮಾಡುತ್ತೇನೆ' ಎಂದು ಮೊದಲೇ ಗೊತ್ತುಮಾಡಿಕೊಂಡರೆ ಕೆಲಸ ಶುರುವಾಗುವುದು ಸುಲಭ ಎಂದು ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ ಅವರ ಸಂಶೋಧನೆ ಹೇಳುತ್ತದೆ. 'ನೆಟ್‌ವರ್ಕ್ ಓದಬೇಕು' ಅಂತ ಬರೆದರೆ ಪ್ರಯೋಜನವಿಲ್ಲ. 'ಚಹಾ ಲೋಟ ತೊಳೆದಿಟ್ಟ ಕೂಡಲೇ ಥೆವೆನಿನ್ ಲೆಕ್ಕದ ಸರ್ಕ್ಯೂಟ್ ಬರೆಯುತ್ತೇನೆ' ಅಂತ ಬರೆದ ದಿನ ಕೈ ತಾನಾಗಿ ಪೆನ್ನಿಗೆ ಹೋಗುತ್ತದೆ.

ಬೇಸಿಗೆಯ ಮಧ್ಯಾಹ್ನ ಇಲ್ಲಿ ರೂಮಿನಲ್ಲಿ ಕೂರೋಕಾಗಲ್ಲ. ಕಷ್ಟದ ವಿಷಯ ಬೆಳಗ್ಗೆಯೇ, ಮಹಡಿ ಮೇಲೆ. ಸಂಜೆ ರೂಮ್‌ಮೇಟ್ "ಬಾರಲೇ, ಮಂಡಕ್ಕಿ ಮಿರ್ಚಿ ತಿಂದು ಬರಾಣ" ಅಂದರೆ ಹೋಗುತ್ತೇನೆ. ಅದಕ್ಕೂ ಟೈಮ್‌ಟೇಬಲ್‌ನಲ್ಲಿ ಜಾಗ ಕೊಟ್ಟಿದ್ದೇನೆ, ಕೊಡಲೇಬೇಕು.

ಭಾನುವಾರ ಮಾತ್ರ ಇನ್ನೂ ಹಿಡಿತಕ್ಕೆ ಬಂದಿಲ್ಲ. ಊರಿಗೆ ಹೋದರೆ ಪುಸ್ತಕ ಚೀಲದಲ್ಲೇ ಉಳಿಯುತ್ತದೆ. ಈ ವಾರ ಜಗಳೂರು ಬಸ್ಸಿನಲ್ಲಿ ಸೀಟು ಸಿಕ್ಕ ಕೂಡಲೇ ಸೂತ್ರಗಳ ಚೀಟಿ ತೆಗೆಯುವುದು ಅಂತ ಬರೆದಿಟ್ಟಿದ್ದೇನೆ. ನಿಂತೇ ಹೋಗಬೇಕಾದರೆ ಏನು ಮಾಡೋದು ಅನ್ನೋದನ್ನೂ ಬರೆಯಬೇಕು.