ಎದೆ ತಿರುಗಿಸಿ, ಕಾಲು ನನ್ನದು

"ಆ ಕಡೆ ಯಾರಿದ್ದಾರೆ?" ನನ್ನ ಜೊತೆ ಕುಣಿಯುತ್ತಿದ್ದಾಕೆ ಕಿವಿಯ ಹತ್ತಿರವೇ ಕೇಳಿದರು. ಯಾರೂ ಇರಲಿಲ್ಲ. ನಾಲ್ಕು ವರ್ಷ ಬಾಲ್‌ರೂಮ್ ಟ್ಯಾಂಗೊ, ಅಂದರೆ ಸ್ಪರ್ಧೆಯ ಜೋಡಿನೃತ್ಯ, ಕಲಿತ ಕತ್ತು ತಾನಾಗಿಯೇ ಎಡಕ್ಕೆ ತಿರುಗಿ ನಿಂತಿತ್ತು, ಅಷ್ಟೇ.

ಅದು ನನ್ನ ಮೊದಲ ಮಿಲೊಂಗ. ಅರ್ಜೆಂಟೀನಾ ಶೈಲಿಯ ಟ್ಯಾಂಗೊ ಕುಣಿಯುವವರ ಕೂಟಕ್ಕೆ ಆ ಹೆಸರು. ಸ್ಪರ್ಧೆಯ ಟ್ಯಾಂಗೊ ಬರುವ ನನಗೆ ಇದೇನು ಮಹಾ ಎಂದುಕೊಂಡೇ ಹೋಗಿದ್ದೆ. ಎರಡಕ್ಕೂ ತವರು ಒಂದೇ, ಬ್ಯೂನಸ್ ಐರಿಸ್ ಮತ್ತು ಮಾಂಟೆವಿಡಿಯೊ. ಮೊದಲ ಮಹಾಯುದ್ಧಕ್ಕೆ ಮುಂಚೆ ಪ್ಯಾರಿಸ್ಸಿಗೆ ಹುಚ್ಚು ಹಿಡಿಸಿ, 1920ರ ದಶಕದಲ್ಲಿ ಇಂಗ್ಲಿಷ್ ಶಿಕ್ಷಕರ ಅಳತೆಗೋಲಿಗೆ ಸಿಕ್ಕ ಕವಲು ನನ್ನದು.

ನಮ್ಮ ಜೋಡಿ ಸೊಂಟದ ಬಳಿ ಕೂಡಿ ಮೇಲೆ ಅಗಲುತ್ತದೆ. ಅಲ್ಲಿ ಎಲ್ಲರೂ ಎದೆಗೆ ಎದೆ ಒರಗಿಸಿ, ಕಾಲ ಬಳಿ ಜಾಗ ಬಿಟ್ಟಿದ್ದರು. ಸಂಗೀತದಲ್ಲಿ ಡ್ರಮ್ ಇಲ್ಲ. ಅರ್ಜೆಂಟೀನಾದ ಟ್ಯಾಂಗೊ ಸಂಗೀತಗಾರ ಡಿ ಸಾರ್ಲಿಯ ವಾದ್ಯವೃಂದ, ಪಿಯಾನೊ, ಪಿಟೀಲು, ಕೈಯಲ್ಲಿ ಹಿಡಿದು ತಿದಿ ಎಳೆದು ನುಡಿಸುವ ಬ್ಯಾಂಡೋನಿಯನ್. ಪಟಪಟ ಹೊಡೆತಕ್ಕೆ ಒಗ್ಗಿದ ಕಾಲಿಗೆ ಹಿಡಿಯಲು ಏನೂ ಸಿಗಲಿಲ್ಲ. ಗಾಬರಿಯಲ್ಲಿ ಗೊತ್ತಿದ್ದದ್ದನ್ನೇ ಮಾಡಿದೆ: ಪ್ರೊಗ್ರೆಸಿವ್ ಲಿಂಕ್. ಎರಡು ಚುರುಕು ಹೆಜ್ಜೆ, ಮೈಯನ್ನು ಫಟ್ಟನೆ ಪಕ್ಕಕ್ಕೆ ತೆರೆಯುವುದು. ಆಕೆ ತೆರೆಯಲಿಲ್ಲ, ತೂರಾಡಿದರು. ನನ್ನ ಮೊಣಕೈ ಮುಂದಿನ ಜೋಡಿಯ ಬೆನ್ನಿಗೆ ತಗುಲಿತು. ಅಲ್ಲಿ ಎಲ್ಲರೂ ಅಪ್ರದಕ್ಷಿಣೆಯಾಗಿ, ಒಬ್ಬರ ಹಿಂದೊಬ್ಬರು, ಹಿಂದಿಕ್ಕದೆ ಸಾಗುತ್ತಾರೆ. ಉದ್ದುದ್ದ ಹೆಜ್ಜೆಗೆ ಅಂಗಳವೇ ಇಲ್ಲ.

"ನೀವು ಹೋಗಿಯಾಯ್ತು, ನಾನಿನ್ನೂ ಹೊರಟೇ ಇಲ್ಲ," ಎಂದರು ಆಕೆ, ನಗುತ್ತಲೇ. ಆಮೇಲೆ ನಿಂತಲ್ಲೇ ನಿಲ್ಲಿಸಿದರು. ಹೆಜ್ಜೆ ಬೇಡ, ಭಾರ ಮಾತ್ರ ಬಲಗಾಲಿಗೆ, ಎಡಗಾಲಿಗೆ. ಸ್ವಲ್ಪ ಹೊತ್ತಿಗೆ ನನ್ನ ಬಲಗೈಯಡಿ ಆಕೆಯ ಬೆನ್ನು ತುಸುವೇ ಸರಿಯುವುದು ತಿಳಿಯತೊಡಗಿತು. ಈಗ ಯಾವ ಕಾಲ ಮೇಲಿದ್ದಾರೆ ಎಂದು ನಾನು ಈ ಹಿಂದೆ ಯಾರ ಬಗ್ಗೆಯೂ ಯೋಚಿಸಿರಲಿಲ್ಲ. ಬಾಲ್‌ರೂಮಿನಲ್ಲಿ ಅದನ್ನು ಪಠ್ಯಕ್ರಮವೇ ಹೇಳಿಬಿಡುತ್ತದೆ. ಓಚೊ, ಅಂದರೆ ನೆಲದ ಮೇಲೆ ಎಂಟರ ಆಕಾರ ಬಿಡಿಸುವ ಹೆಜ್ಜೆ, ಬಂದಾಗ ಮತ್ತೆ ಅವಸರಿಸಿದೆ. "ಎದೆ ತಿರುಗಿಸಿ ಸಾಕು. ಕಾಲು ನನ್ನದು." ತಿರುಗಿಸಿ ಕಾದೆ. ಆಕೆ ಒಂಟಿ ಕಾಲ ಮೇಲೆ ಮೆಲ್ಲನೆ ಹೊರಳಿ, ಕಣಕಾಲುಗಳನ್ನು ಜೋಡಿಸಿ, ತಮಗೆ ಬೇಕೆನಿಸಿದಾಗ ದಾಟಿದರು. ಕಾಯುವುದು ಇಷ್ಟು ಕಷ್ಟದ ಕೆಲಸ ಎಂದು ಗೊತ್ತಿರಲಿಲ್ಲ.

ನಾಲ್ಕನೇ ಹಾಡಿಗೆ ಕತ್ತು ನೆಟ್ಟಗಾಗಿತ್ತು. ಹಾಡು ಮುಗಿದು, ಟ್ಯಾಂಗೊ ಅಲ್ಲದ ತುಣುಕೊಂದು ಶುರುವಾಯಿತು. ಫಾಕ್ಸ್‌ಟ್ರಾಟ್! ಕೊನೆಗೂ ನನಗೆ ಬರುವ ವಿದ್ಯೆ ಎಂದು ಉತ್ಸಾಹದಿಂದ ಕೈಯೆತ್ತಿ ಹಿಡಿದೆ. ಅದು ಕೊರ್ಟೀನಾ, ಅಂದರೆ ಎಲ್ಲರೂ ಕುರ್ಚಿಗೆ ಮರಳುವ ಸೂಚನೆ. ಆಕೆ ಆಗಲೇ ಅರ್ಧ ದಾರಿಯಲ್ಲಿದ್ದರು.